ಯೋಬನ ಮೊದಲ ಹತ್ತು ಮಕ್ಕಳು

ಮಾರ್ಚ್ 5, 2025. ಬುಧವಾರ, ಮಂಗಳೂರು

ಲೆಂಟ್ ಶುರುವಾಯಿತು. ಆರಾಧನೆ ಬಿಟ್ಟ ಮೇಲೆ ಅಂಗಳದಲ್ಲಿ ಎಲ್ಲರದ್ದೂ ಒಂದೇ ವಿಚಾರಣೆ: ತಂಗಿಯ ಮಗಳು ಬರಲಿಲ್ಲವೇ? ಬರಲಿಲ್ಲ. ಆರು ವರ್ಷದ ಹುಡುಗನನ್ನು ರಕ್ತದ ಕ್ಯಾನ್ಸರಿಗೆ ಕೊಟ್ಟು ಕೂತವಳಿಗೆ ಈ ಅಂಗಳದಲ್ಲಿ ಸಿಗುವುದೇನೆಂದು ಚೆನ್ನಾಗಿ ಗೊತ್ತು. ‘ದೇವರ ಚಿತ್ತ.’ ‘ಬೇಕಾದವರನ್ನು ಕರ್ತನು ಬೇಗ ಕರೆದುಕೊಳ್ಳುತ್ತಾನೆ.’ ‘ಇದು ಶೋಧನೆ, ಗಟ್ಟಿ ನಿಲ್ಲಬೇಕು.’ ಸಭೆಯ ಹಿರಿಯರೊಬ್ಬರು ನನ್ನನ್ನು ಗೋಡೆಯ ಬದಿಗೆ ಕರೆದು, ಮನೆತನದಲ್ಲಿ ಅರಿಕೆಯಾಗದ ಪಾಪ ಏನಾದರೂ ಉಳಿದಿದೆಯೋ ನೋಡಿ ಎಂದರು.

ಸಿಲೋವದ ಗೋಪುರ ಬಿದ್ದು 18 ಮಂದಿ ಸತ್ತ ಸಂಗತಿಯನ್ನು ಯೇಸು ತಾನಾಗಿಯೇ ಎತ್ತಿ, ಸತ್ತವರು ಉಳಿದವರಿಗಿಂತ ಕೆಟ್ಟವರಾಗಿದ್ದರೆಂಬ ಎಣಿಕೆಯನ್ನು ತಳ್ಳಿಹಾಕಿದ. ಹುಟ್ಟುಕುರುಡನ ವಿಷಯದಲ್ಲೂ ಅಷ್ಟೇ, ಅಪ್ಪ ಅಮ್ಮನ ಪಾಪವೂ ಅಲ್ಲ, ಅವನದ್ದೂ ಅಲ್ಲ. ಈ ಎರಡೂ ಪಾಠಗಳನ್ನು ಇದೇ ಹಿರಿಯರು ಆರಾಧನೆಯಲ್ಲಿ ಓದಿದ್ದನ್ನು ಕೇಳಿದ್ದೇನೆ. ಸ್ವರ ಚೆನ್ನಾಗಿದೆ.

ಮಾರ್ಚ್ 11. ಮಂಗಳವಾರ

ಹಿರಿಯರ ಮಾತು ತಲೆಯಿಂದ ಹೋಗಲಿಲ್ಲ. ಅವರದ್ದು ಹೊಸ ಮಾತೇನಲ್ಲ. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ, ಲಿಸ್ಬನ್ನಿನ ಚರ್ಚುಗಳು ತುಂಬಿದ್ದ ಹೊತ್ತಿಗೇ ನೆಲ ನಡುಗಿತು. ಪ್ರಾರ್ಥನೆಗೆ ಬಂದವರ ತಲೆಯ ಮೇಲೆಯೇ ಚಾವಣಿ ಬಿತ್ತು; ಹಿಂದೆಯೇ ಸಮುದ್ರ ಉಕ್ಕಿತು, ಉಳಿದದ್ದನ್ನು ಬೆಂಕಿ ತಿಂದಿತು. ಮಲಗ್ರೀಡ ಎಂಬ ಜೆಸ್ವಿಟ್ ಪಾದ್ರಿ, ಇದು ಊರಿನ ಪಾಪಕ್ಕೆ ಬಿದ್ದ ಪೆಟ್ಟು ಎಂದು ಪುಸ್ತಿಕೆ ಬರೆದ. ನಗರವನ್ನು ಮತ್ತೆ ಕಟ್ಟಲು ಹೊರಟಿದ್ದ ಮಂತ್ರಿ ಪೊಂಬಾಲನಿಗೆ ಅವನು ಕಣ್ಣುರಿಯಾದ. ಕೊನೆಗೆ ಬೇರೆ ಪಾಷಂಡದ ಆರೋಪ ಹೊರಿಸಿ, 1761ರಲ್ಲಿ ಆ ಮುದುಕನನ್ನು ಕೊಂದರು. ಅವನ ಉಪದೇಶ ಕೆಟ್ಟದ್ದೇ. ಕೊಂದವರೂ ದೇವರ ಹೆಸರಿನಲ್ಲೇ ಕೊಂದರು.

ಪಂಡಿತರ ಉತ್ತರಗಳು ಇಷ್ಟು ಒರಟಲ್ಲ. ಆಗಬಹುದಾದ ಜಗತ್ತುಗಳಲ್ಲೆಲ್ಲ ಇದೇ ಉತ್ತಮ ಎಂದು ಲೈಬ್ನಿಟ್ಸ್ 1710ರಲ್ಲಿ ವಾದಿಸಿದ. ಲಿಸ್ಬನ್ ಬಿದ್ದ ಮೇಲೆ ವೊಲ್ತೇರ್ ಅದನ್ನು ಗೇಲಿ ಮಾಡಿ ಮುಗಿಸಿದ. ಕೇಡಿಗೆ ತನ್ನದೇ ಇರವಿಲ್ಲ, ಅದು ಒಳಿತಿನ ಕೊರತೆ ಎಂದ ಅಗಸ್ಟೀನ್. ಮನುಷ್ಯನ ಸ್ವತಂತ್ರ ಇಚ್ಛೆ ದಾರಿ ತಪ್ಪಿದ್ದರಿಂದ ಅದು ಬಂತು. ಹಿಟ್ಲರನ ಮಟ್ಟಿಗೆ ಒಪ್ಪೋಣ. ಆದರೆ ಮಜ್ಜೆಯಲ್ಲಿ ಲಂಗುಲಗಾಮಿಲ್ಲದೆ ಬೆಳೆಯುವ ಬಿಳಿ ಕಣಕ್ಕೆ ಯಾವ ಇಚ್ಛೆ, ಯಾವ ಸ್ವಾತಂತ್ರ್ಯ?

ಮಾರ್ಚ್ 23. ಭಾನುವಾರ

ಸಭಾಪಾಲಕರ ಜೊತೆ ತಂಗಿಯ ಮಗಳ ಮನೆಗೆ ಹೋಗಿದ್ದೆ. ಇನ್ನೂ ಎಳೆಯ ಪ್ರಾಯದವರು, ಮನಸ್ಸು ಒಳ್ಳೆಯದು. ಯೋಬನ ಗ್ರಂಥದ ಕೊನೆಯ ಅಧ್ಯಾಯ ತೆಗೆದು ಓದಿದರು. ಕಳಕೊಂಡದ್ದೆಲ್ಲ ಯೋಬನಿಗೆ ಎರಡರಷ್ಟಾಗಿ ಬಂತಲ್ಲ: 7,000 ಕುರಿ ಇದ್ದಲ್ಲಿ 14,000, 3,000 ಒಂಟೆ ಇದ್ದಲ್ಲಿ 6,000.

‘ಮಕ್ಕಳು?’ ಎಂದಳು.

ಏಳು ಗಂಡು, ಮೂರು ಹೆಣ್ಣು. ಮೊದಲೂ ಅಷ್ಟೇ ಇದ್ದದ್ದು. ಬ್ಯಾಂಕಿನಲ್ಲಿ ಲೆಜರ್ ಬರೆದೇ ಮುದುಕನಾದ ನನಗೆ ಈ ಜಾಗ ಬಹುಕಾಲದಿಂದ ಚುಚ್ಚುತ್ತಿದೆ. ಇಡೀ ಪಟ್ಟಿಯಲ್ಲಿ ಎರಡರಷ್ಟಾಗದ ಬಾಬ್ತು ಇದೊಂದೇ.

ವ್ಯಾಖ್ಯಾನಕಾರರ ಹಳೆಯ ಉತ್ತರ ಪಾಲಕರಿಗೆ ತಿಳಿದಿತ್ತು. ಒಂಟೆ ಕುರಿ ಸತ್ತರೆ ಸತ್ತವು, ಮಕ್ಕಳಾದರೋ ದೇವರ ಬಳಿ ಬದುಕಿದ್ದಾರೆ; ಆ ಹತ್ತಕ್ಕೆ ಈ ಹತ್ತು ಸೇರಿದರೆ ಎರಡರಷ್ಟೇ ಆಯಿತು. ಚುರುಕಾದ ಉತ್ತರ. ಪುನರುತ್ಥಾನವನ್ನು ನಂಬುವ ನಾನು ಅದನ್ನು ಸುಳ್ಳೆನ್ನಲಾರೆ. ಅವಳೂ ಅನ್ನಲಿಲ್ಲ. ‘ಯೋಬನ ಹೆಂಡತಿಯನ್ನು ಯಾರಾದರೂ ಕೇಳಿದರಾ, ಅಯ್ಯನವರೇ? ಹೆತ್ತದ್ದು ಅವಳಲ್ಲವಾ?’ ಎಂದಳು ಅಷ್ಟೇ.

ಮನೆಗೆ ಬಂದು ಮತ್ತೆ ಓದಿದೆ. ಎರಡನೆಯ ಅಧ್ಯಾಯದಲ್ಲಿ ಒಂದು ಕಹಿ ಮಾತಾಡಿ ಬೈಸಿಕೊಂಡ ಹೆಂಡತಿ ಆಮೇಲೆ ಬಾಯಿ ತೆರೆಯುವುದೇ ಇಲ್ಲ. ಹೊಸದಾಗಿ ಹುಟ್ಟಿದ ಹೆಣ್ಣುಮಕ್ಕಳಿಗೆ ಯೆಮೀಮ, ಕೆಚೀಯ, ಕೆರೆನ್‌ಹಪ್ಪೂಕ್ ಎಂದು ಹೆಸರುಂಟು, ಅಣ್ಣತಮ್ಮಂದಿರ ಜೊತೆ ಆಸ್ತಿಯಲ್ಲಿ ಪಾಲೂ ಉಂಟು. ಬಿರುಗಾಳಿಗೆ ಮನೆ ಕುಸಿದು ಸತ್ತ ಮೊದಲ ಹತ್ತು ಮಕ್ಕಳಿಗೆ ಹೆಸರೇ ಇಲ್ಲ.

ಆದರೆ ಇದೇ ಕೊನೆಯ ಅಧ್ಯಾಯದಲ್ಲಿ ಇನ್ನೊಂದು ಸಂಗತಿಯಿದೆ, ನಮ್ಮ ಪ್ರಸಂಗಗಳಲ್ಲಿ ಕೇಳಿಬರುವುದು ಅಪರೂಪ. ದೇವರಿಗೆ ಸಿಟ್ಟು ಬಂದದ್ದು ಯೋಬನನ್ನು ಸಂತೈಸಲು ಬಂದ ಎಲೀಫಜ ಮತ್ತವನ ಇಬ್ಬರು ಗೆಳೆಯರ ಮೇಲೆ. ಪುಟಗಟ್ಟಲೆ ದೇವರ ಪರ ವಕಾಲತ್ತು ಮಾಡಿದವರು ಅವರು! ದೇವರನ್ನೇ ಕಟಕಟೆಗೆ ಎಳೆದ ಯೋಬ ಸರಿಯಾಗಿ ಮಾತಾಡಿದ ಎಂದು ತೀರ್ಪು. ದೂರುವುದು ಅವಿಶ್ವಾಸವಾಗಿದ್ದರೆ ಈ ಗ್ರಂಥಕ್ಕೆ ಬೈಬಲಿನಲ್ಲಿ ಜಾಗವೇ ಇರುತ್ತಿರಲಿಲ್ಲ.

ಏಪ್ರಿಲ್ 6. ಭಾನುವಾರ

ಸಿ. ಎಸ್. ಲೂಯಿಸ್ 1940ರಲ್ಲಿ ನೋವಿನ ಸಮಸ್ಯೆಯ ಬಗ್ಗೆ ಅಚ್ಚುಕಟ್ಟಾದ ಪುಸ್ತಕ ಬರೆದ. 1960ರಲ್ಲಿ ಹೆಂಡತಿ ಜಾಯ್ ಕ್ಯಾನ್ಸರಿಂದ ತೀರಿಕೊಂಡ ಮೇಲೆ ಬರೆದದ್ದನ್ನು ಮಾತ್ರ ಸ್ವಂತ ಹೆಸರಿನಲ್ಲಿ ಹೊರತರಲಿಲ್ಲ. ಎರಡನ್ನೂ ಓದಿದ್ದೇನೆ. ಮೊದಲನೆಯದರಲ್ಲಿ ವಾದವಿದೆ, ಎರಡನೆಯದನ್ನು ಸಾವಿನ ಮನೆಗೆ ಒಯ್ಯಬಹುದು.

ಕಳೆದ ವರ್ಷ ಜೂನಿನಲ್ಲಿ ತೀರಿಕೊಂಡ ಜರ್ಮನ್ ದೇವಶಾಸ್ತ್ರಜ್ಞ ಮೋಲ್ಟ್‌ಮನ್ ಕೂಡ ಹಾಗೆಯೇ, ಪೆಟ್ಟು ತಿಂದು ಬಂದವರು. 1943ರ ಜುಲೈಯಲ್ಲಿ ಹ್ಯಾಂಬರ್ಗಿನ ಮೇಲೆ ಬಾಂಬು ಸುರಿದಾಗ ಹದಿನೇಳರ ಹುಡುಗ. ಪಕ್ಕದಲ್ಲಿ ನಿಂತ ಗೆಳೆಯ ಸತ್ತ, ಇವರು ಉಳಿದರು. ಯುದ್ಧಕೈದಿಯಾಗಿದ್ದಾಗ ಕೈಗೆ ಸಿಕ್ಕ ಬೈಬಲಿನಲ್ಲಿ ಶಿಲುಬೆಯ ಮೇಲೆ ಕೂಗಿದ ಯೇಸುವನ್ನು ಕಂಡರು. ದೇವರು ಇದನ್ನು ಯಾಕೆ ಬಿಟ್ಟ ಎನ್ನುವುದಕ್ಕಿಂತ ದೇವರು ಎಲ್ಲಿದ್ದ ಎನ್ನುವುದು ಅವರ ಪ್ರಶ್ನೆಯಾಯಿತು; 1972ರ ಪುಸ್ತಕದಲ್ಲಿ ಕೊಟ್ಟ ಉತ್ತರ, ಶಿಲುಬೆಯ ಮೇಲೆಯೇ ಇದ್ದ. ನನ್ನನ್ನು ಇಗರ್ಜಿಯಲ್ಲಿ ಉಳಿಸಿರುವುದು ಬಹುಶಃ ಇದೇ. ಆದರೂ ಒಪ್ಪಿಕೊಂಡು ಸುಮ್ಮನಾಗಲು ಆಗುವುದಿಲ್ಲ. ಜೊತೆಗೆ ನೋಯುವ ದೇವರು ದೊಡ್ಡವನೇ. ಮಂಚದ ಮೇಲಿದ್ದ ಆ ಹುಡುಗನಿಗೆ ಬೇಕಿದ್ದದ್ದು ಗುಣ.

ಏಪ್ರಿಲ್ 18. ಶುಭ ಶುಕ್ರವಾರ

ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳ ಧ್ಯಾನದಲ್ಲಿ ನಾಲ್ಕನೆಯದು ನನಗೆ ಬಂದಿತ್ತು, ಕೈಬಿಟ್ಟೆಯಾ ಎಂಬ ಆ ಕೂಗು. ಇದು 22ನೆಯ ಕೀರ್ತನೆಯ ಮೊದಲ ಸಾಲು, ಆ ಕೀರ್ತನೆ ಸ್ತುತಿಯಲ್ಲಿ ಮುಗಿಯುತ್ತದೆ, ಹಾಗಾಗಿ ಯೇಸು ಹತಾಶನಾಗಿರಲಿಲ್ಲ ಎಂದು ಸುಲಭದಲ್ಲಿ ಸಮಾಧಾನ ಹೇಳುವವರಿದ್ದಾರೆ. ನಾನು 88ನೆಯ ಕೀರ್ತನೆಯನ್ನೂ ಪಕ್ಕಕ್ಕಿಟ್ಟೆ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಸ್ತುತಿಯ ಬಾಲವಿಲ್ಲ. ಅದೂ ಆರಾಧನೆಯ ಹಾಡೇ. ಉತ್ತರ ಕೊಡದ ದೇವರನ್ನೇ ಹಿಡಿದು ಕೇಳುವ ಹಕ್ಕನ್ನು ಸಭೆ ಕಿತ್ತುಕೊಳ್ಳಬಾರದು ಎಂದಷ್ಟೇ ಹೇಳಿ ಇಳಿದೆ.

ಅವಳು ಬಂದಿದ್ದಳು, ಕೊನೆಯ ಬೆಂಚಿನಲ್ಲಿ. ಹೊರಗೆ ತುಳುವಿನಲ್ಲಿ ನನಗೆ ಹೇಳಿದ್ದು ಇಷ್ಟೇ: ಪ್ರಾರ್ಥನೆ ಮಾಡುವುದಿಲ್ಲ ಮಾವ, ಜಗಳಕ್ಕೆ ಬಂದೆ.

ಏಪ್ರಿಲ್ 22. ಮಂಗಳವಾರ

ಮೇ ತಿಂಗಳ ಬೈಬಲ್ ಅಧ್ಯಯನಕ್ಕೆ ಯೋಬನನ್ನೇ ಇಟ್ಟುಕೊಳ್ಳೋಣ ಎಂದರು ಪಾಲಕರು. ಒಪ್ಪಿದೆ, ಆದರೆ ಮೊದಲೆರಡು ಅಧ್ಯಾಯ ಓದಿ ಕೊನೆಯದಕ್ಕೆ ಹಾರುವ ನಮ್ಮ ರೂಢಿ ಬೇಡ, ನಡುವಿನ ವಾಗ್ವಾದವನ್ನು ಪಾತ್ರ ಹಂಚಿ ಗಟ್ಟಿಯಾಗಿ ಓದಬೇಕು ಎಂದೆ. ಎಲೀಫಜನ ಪಾಲನ್ನು ಸ್ವರ ಚೆನ್ನಾಗಿರುವ ಹಿರಿಯರಿಗೆ ಕೊಡಿ ಎಂದಾಗ ನಕ್ಕರು, ಬರೆದುಕೊಂಡರು. ಯೋಬನ ಪಾಲಿಗೆ ಅವಳನ್ನು ಕೇಳಬೇಕು; ಒಪ್ಪುತ್ತಾಳೋ ಇಲ್ಲವೋ. ಗೆಳೆಯರ ಮಾತು ಮುಗಿದ ಮೇಲೆ ಬಾಯಿ ಹಾಕುವ ಎಲೀಹುವಿನ ಆರು ಅಧ್ಯಾಯದ ಉಪದೇಶವನ್ನು ಯಾರ ಕೊರಳಿಗೆ ಕಟ್ಟುವುದೆಂದು ಇನ್ನೂ ಹೊಳೆದಿಲ್ಲ.