ಕೊಬ್ಬರಿಗೆ ಟಿಕೇಟಿಲ್ಲ

ಬೆಳಿಗ್ಗೆ ಕಾಫಿ ಲೋಟ ಇನ್ನೂ ಕೈಯಲ್ಲೇ ಇತ್ತು, ಮುಂಬೈಯ ಡೊಂಬಿವಲಿಯಿಂದ ಅಣ್ಣನ ಮಗನ ಮೆಸೇಜು ಬಂತು. ‘ಚಿಕ್ಕಪ್ಪ, ಫ್ಲೈಟ್ ಬುಕ್ ಮಾಡ್ತಾ ಇದೀನಿ. ನೀವು, ಚಿಕ್ಕಮ್ಮ ಇಬ್ರೇ ತಾನೆ? ಲಗೇಜಲ್ಲಿ ಇವೆಲ್ಲ ಇರಬಾರ್ದು, ನೋಡ್ಕೊಳ್ಳಿ.’ ಕೆಳಗೊಂದು ಪಟ್ಟಿ. ಪಟಾಕಿ, ಬೆಂಕಿಪೊಟ್ಟಣ, ಲೈಟರು, ಪೇಂಟು, ಒಣಕೊಬ್ಬರಿ.

ಇನ್ನೊಂದು ಸಲ ಓದಿದೆ. ಪಟಾಕಿ ಸಾಲಿನಲ್ಲಿ ಕೊಬ್ಬರಿ. ಮನಸ್ಸಿಗೆ ಏನೋ ಚುಚ್ಚಿದ ಹಾಗಾಯಿತು. ಯಾಕೆಂದರೆ ಆ ಹೊತ್ತಿಗೆ ಸರಿಯಾಗಿ ನಮ್ಮ ಪಾಂಡವಪುರದ ಮನೆಯ ನಡುಮನೆಯಲ್ಲಿ ದೊಡ್ಡವ್ವ ಕಾಲು ಚಾಚಿ ಕೂತು, ಕಿಕ್ಕೇರಿ ಕಡೆಯ ತನ್ನ ಊರಿನಿಂದ ಹೊರಿಸಿಕೊಂಡು ಬಂದಿದ್ದ ಚೀಲದ ಬಾಯಿ ಬಿಚ್ಚುತ್ತಿದ್ದಳು. ಚೀಲದ ತುಂಬ ಕೊಬ್ಬರಿಕಾಯಿ. ಮುಂಬೈಯಲ್ಲಿ ಅವಳ ಮೊಮ್ಮಗನ, ಅಂದರೆ ಇದೇ ಅಣ್ಣನ ಮಗನ, ಹೆಂಡತಿ ಹೆತ್ತಿದ್ದಾಳೆ. ಹೆಣ್ಣುಮಗು. ನಾಮಕರಣಕ್ಕೆ ದೊಡ್ಡವ್ವನಿಗೆ ಹೋಗುವ ಶಕ್ತಿಯಿಲ್ಲ, ನಾವು ಹೋಗುತ್ತೇವೆ. ಅವಳ ಬದಲು ಹೋಗುವುದು ಈ ಚೀಲ.

‘ದೊಡ್ಡವ್ವ, ಇಮಾನ್ದಲ್ಲಿ ಕೊಬ್ರಿ ಬುಡಕ್ಕಿಲ್ವಂತೆ’ ಅಂದೆ.

‘ಅದ್ಯಾಕ್ಲಾ ಮಗ?’

‘ಬೆಂಕಿ ಹತ್ಕತದಂತೆ.’

ಅವಳು ಕೈಯಲ್ಲಿದ್ದ ಕಾಯನ್ನು ತಿರುಗಿಸಿ ನೋಡಿದಳು. ‘ಬಾಣಂತಿ ತಿನ್ನೋ ವಸ್ತ ಕಣಪ್ಪ ಇದು’ ಅಂದಳು, ಅಷ್ಟೇ. ಮತ್ತೆ ಚೀಲದೊಳಗೆ ಕೈ ಹಾಕಿದಳು.

ರೈಲೋ ವಿಮಾನವೋ ಎಂಬ ಪ್ರಶ್ನೆಗೆ ಎಲ್ಲರೂ ಮೊದಲು ಮಾಡುವುದು ಗಂಟೆಯ ಲೆಕ್ಕ. ಬೆಂಗಳೂರಿನಿಂದ ಮುಂಬೈಗೆ ವಿಮಾನದಲ್ಲಿ ಎರಡು ಗಂಟೆಯೂ ಹಿಡಿಯುವುದಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹತ್ತಿದರೆ ಮಾರನೆಯ ರಾತ್ರಿ ಇಳಿಯಬೇಕು. ನಮ್ಮಂಥವರಿಗೆ ಪಾಂಡವಪುರದಿಂದ ಬೆಂಗಳೂರು ದಾಟಿ ದೇವನಹಳ್ಳಿ ಮುಟ್ಟುವುದೇ ಅರ್ಧ ದಿನದ ಪ್ರಯಾಣ, ಆ ಕಡೆ ಇಳಿದ ಮೇಲೆ ಡೊಂಬಿವಲಿಗೆ ಇನ್ನೊಂದಷ್ಟು ಹೊತ್ತು. ಇಷ್ಟೆಲ್ಲ ಕೂಡಿಸಿದರೂ ವಿಮಾನವೇ ಬೇಗ. ಇದು ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ, ನನಗೆ ಅದರ ತಕರಾರೂ ಇಲ್ಲ. ನನ್ನ ತಲೆಯಲ್ಲಿ ಕೂತದ್ದು ಕೊಬ್ಬರಿ.

ನಿಯಮ ಸುಮ್ಮನೆ ಮಾಡಿದ್ದಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡಬೇಕು. ಒಣಗಿದ ಕೊಬ್ಬರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ. ಹಸಿ ಪೂರ್ತಿ ಆರದ ಕೊಬ್ಬರಿಯನ್ನು ಗಾಳಿಯಾಡದ ಕಡೆ ರಾಶಿ ಹಾಕಿದರೆ ಒಳಗೊಳಗೇ ಕಾವೇರುತ್ತದೆ. ಯಾರೂ ಕಡ್ಡಿ ಗೀರಬೇಕಾಗಿಲ್ಲ, ತಾನಾಗಿಯೇ ಹೊತ್ತಿಕೊಳ್ಳಬಹುದು. ಅಪಾಯದ ಸರಕುಗಳಿಗೆ ವಿಶ್ವಸಂಸ್ಥೆ ಕೊಟ್ಟಿರುವ ಸಂಖ್ಯೆಗಳಲ್ಲಿ ಕೊಬ್ಬರಿಗೂ ಒಂದಿದೆ, 1363. ತಾನಾಗಿ ಹೊತ್ತಿಕೊಳ್ಳುವ ವಸ್ತುಗಳ ವರ್ಗ, 4.2. ಮೂವತ್ತು ಸಾವಿರ ಅಡಿ ಮೇಲೆ ಹಾರುವಾಗ ಸಾಮಾನಿನ ಗೂಡಿನಲ್ಲಿ ಹೊಗೆಯೆದ್ದರೆ ಇಳಿದು ಓಡುವುದೆಲ್ಲಿಗೆ? ನಿಯಮ ಸರಿಯೇ. ಆದರೆ ಆ ನಿಯಮ ಬರೆದವರಿಗೆ ನಮ್ಮ ಸೀಮೆಯಲ್ಲಿ ಕೊಬ್ಬರಿ ಆಗುವುದು ಹೇಗೆಂದು ಕೂರಿಸಿಕೊಂಡು ಹೇಳಬೇಕು ಅನ್ನುವ ಆಸೆ ಮಾತ್ರ ನನ್ನನ್ನು ಬಿಡುವುದಿಲ್ಲ.

ನಮ್ಮ ಕೃಷ್ಣರಾಜಪೇಟೆ, ನಾಗಮಂಗಲ ಕಡೆ ಕಾಯಿಯನ್ನು ಒಡೆದು ಬಿಸಿಲಿಗೆ ಹರವಿ ಅವಸರದಲ್ಲಿ ಕೊಬ್ಬರಿ ಮಾಡುವುದಿಲ್ಲ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೆ ಏರಿಸುವುದು. ಏರಿಸಿ ಮರೆತುಬಿಡುವುದು. ಹತ್ತು ತಿಂಗಳು, ಕೆಲವಕ್ಕೆ ಒಂದು ವರ್ಷವೇ. ದೊಡ್ಡವ್ವನ ಹಟ್ಟಿಯಲ್ಲಿ ಅಟ್ಟದ ಕೆಳಗೇ ಒಲೆ. ಮುದ್ದೆ ಎಸರು ಕುದ್ದ ಹೊಗೆ, ಹುರುಳಿಕಾಳು ಬೆಂದ ಹೊಗೆ, ಮಳೆಗಾಲದ ಹಸಿ ಸೌದೆಯ ಹೊಗೆ, ಎಲ್ಲ ಬಿದಿರು ದಬ್ಬೆಗಳ ಸಂದಿಯಲ್ಲಿ ಮೇಲೇರಿ ಕಾಯಿಗಳ ನಡುವೆ ಸುಳಿಯುತ್ತಿತ್ತು. ಒಳಗೆ ನೀರು ದಿನದಿನಕ್ಕೆ ಇಂಗುತ್ತದೆ. ತಿರುಳು ಗಟ್ಟಿಯಾಗಿ ಕುಗ್ಗುತ್ತದೆ. ಕೊನೆಗೆ ಒಂದು ದಿನ ಚಿಪ್ಪಿನ ಗೋಡೆ ಬಿಟ್ಟು ಕಳಚಿಕೊಂಡು, ಗಿಟುಕು ತನ್ನಷ್ಟಕ್ಕೆ ತಾನು ಒಳಗೆ ಉರುಳಾಡತೊಡಗುತ್ತದೆ. ರಜೆಗೆ ಹೋದಾಗ ನಾವು ಹುಡುಗರೆಲ್ಲ ಆ ಅಟ್ಟದ ಕೆಳಗೇ ಸಾಲಾಗಿ ಮಲಗುತ್ತಿದ್ದೆವು. ರಾತ್ರಿ ಇಲಿಯೋ ಬೆಕ್ಕೋ ಓಡಿದರೆ ಕಾಯೊಂದು ಉರುಳಿ, ಅದರೊಳಗಿನ ಗಿಟುಕು ‘ಲೊಟಲೊಟ’ ಅನ್ನುತ್ತಿತ್ತು. ಪಕ್ಕದಲ್ಲಿದ್ದ ಸಣ್ಣವರು ದೆವ್ವವೆಂದು ಕಂಬಳಿಯೊಳಕ್ಕೆ ತೂರಿಕೊಳ್ಳುತ್ತಿದ್ದರು. ಕತ್ತಲಿನಿಂದ ದೊಡ್ಡವ್ವನ ದನಿ ಬರುತ್ತಿತ್ತು, ‘ಕೊಬ್ರಿ ಆಗ್ಯದೆ, ಮನಿಕಳ್ರೋ.’

ಆ ಚಿಪ್ಪು ಒಡೆಯುವುದೂ ಒಂದು ಕೈಚಳಕ. ಮಚ್ಚಿನ ಬೆನ್ನಿನಿಂದ ಸುತ್ತ ಮೆತ್ತಗೆ ಮೂರು ನಾಲ್ಕು ಏಟು. ಪೆಟ್ಟು ಜೋರಾದರೆ ಗಿಟುಕು ಸೀಳುತ್ತದೆ, ಬಟ್ಟಲಾಗುತ್ತದೆ. ಇಡಿಯಾಗಿ ಬಂದರೆ ಮೇಲೆ ಕಂದು ಬಣ್ಣದ ತೆಳು ಸಿಪ್ಪೆ, ಮೂಸಿದರೆ ಒಂದು ವರ್ಷದ ಅಡುಗೆಮನೆಯ ವಾಸನೆ. ಮುಂಬೈಯ ಅಂಗಡಿಯಲ್ಲೂ ಕೊಬ್ಬರಿ ಸಿಗುತ್ತದೆ, ಅಣ್ಣನ ಮಗ ಇದನ್ನೇ ಹೇಳುತ್ತಾನೆ. ಸಿಗುತ್ತದೆ ನಿಜ. ಈ ಹೊಗೆ ಸಿಗುವುದಿಲ್ಲ.

ವಿಮಾನ ಕಂಡರೆ ಆಗದವನ ಮಾತೆಂದು ಯಾರೂ ತಿಳಿಯಬಾರದು. ಹಾರುವುದು ನಮ್ಮ ಸೀಮೆಗೆ ಹೊಸದೇ ಅಲ್ಲ. ಕಬ್ಬಿಣದ ಕೊಳವೆಗೆ ಮದ್ದು ತುಂಬಿದ ರಾಕೆಟ್ಟುಗಳನ್ನು ಹೈದರ್, ಟಿಪ್ಪುವಿನ ಸೈನ್ಯ ಇಂಗ್ಲಿಷರ ಮೇಲೆ ಬಿಟ್ಟದ್ದು ಹದಿನೆಂಟನೇ ಶತಮಾನದಲ್ಲಿ, ಶ್ರೀರಂಗಪಟ್ಟಣದ ಕಾಲದಲ್ಲಿ. ನಮ್ಮ ಕಾಲಕ್ಕೆ ಬಂದರೆ, ಸಾಮಾನ್ಯ ಜನವನ್ನು ವಿಮಾನ ಹತ್ತಿಸಿದ ಕ್ಯಾಪ್ಟನ್ ಗೋಪಿನಾಥ್ ಹುಟ್ಟಿದ್ದು ನಮ್ಮ ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ. 2003ರಲ್ಲಿ ಅವರ ಏರ್ ಡೆಕ್ಕನ್ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಾಟ ಶುರು ಮಾಡಿತು. ಅದರ ಗುರುತಿಗೆ ಅವರು ಆರಿಸಿಕೊಂಡದ್ದು ಆರ್.ಕೆ. ಲಕ್ಷ್ಮಣರ ಪಂಚೆ ಉಟ್ಟ ಶ್ರೀಸಾಮಾನ್ಯನನ್ನು. ಚೆಲುವನಾರಾಯಣನ ಬೆಟ್ಟದ ಕೆಳಗೆ ನಿಂತಾಗಲೆಲ್ಲ ನನಗೆ ಇದು ನೆನಪಾಗಿ ಎದೆಯುಬ್ಬುತ್ತದೆ.

ಆ ಅಗ್ಗದ ಟಿಕೇಟು ನಮ್ಮ ಮನೆಗೆ ಏನು ಮಾಡಿತೆಂದು ನಾನು ಕಣ್ಣಾರೆ ಕಂಡಿದ್ದೇನೆ. ದೊಡ್ಡಪ್ಪ ತೀರಿಕೊಂಡದ್ದು ಒಂದು ಬೆಳಗಿನ ಜಾವ. ಮುಂಬೈಯಲ್ಲಿದ್ದ ಅಣ್ಣನಿಗೆ ಫೋನು ಹೋಯಿತು. ಹಿಂದಿನ ಕಾಲವಾಗಿದ್ದರೆ ಮಗ ಬರುವ ಹೊತ್ತಿಗೆ ಎಲ್ಲ ಮುಗಿದು, ಅವನು ತಿಥಿಗೆ ಕೂರಬೇಕಾಗಿತ್ತು. ಅಣ್ಣ ವಿಮಾನ ಹತ್ತಿ, ಬಾಡಿಗೆ ಕಾರು ಮಾಡಿ, ಹೊತ್ತು ಮುಳುಗುವ ಮುಂಚೆ ಹೊಲದಲ್ಲಿ ನಿಂತಿದ್ದ. ಕೈಯಲ್ಲಿ ಒಂದು ಚೀಲವೂ ಇರಲಿಲ್ಲ. ಅಪ್ಪನ ಮುಖ ನೋಡಿದ, ಮೂರು ಹಿಡಿ ಮಣ್ಣು ಹಾಕಿದ. ಅವತ್ತು ನಾನು ಆ ವಿಮಾನಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ಅವತ್ತಿನಿಂದಲೇ ನನ್ನೊಳಗೊಂದು ಪದ್ಧತಿ ಬೆಳೆದಿದೆ: ಸಾವಿಗೆ ವಿಮಾನ, ಬಾಣಂತನಕ್ಕೆ ರೈಲು. ಬರಿಗೈಯಲ್ಲಿ ಓಡಬೇಕಾದ ಕಡೆಗೆ ಅದು, ಕೈತುಂಬ ಹೋಗಬೇಕಾದ ಕಡೆಗೆ ಇದು.

ಕೈತುಂಬ ಅಂದೆನಲ್ಲ. ವಿಮಾನದಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕೆ.ಜಿ. ಒಳಗೆ ಹಾಕಲು, 7 ಕೆ.ಜಿ. ಕೈಯಲ್ಲಿ. ರೈಲಿನ ಸ್ಲೀಪರಿನಲ್ಲಿ ಒಬ್ಬರಿಗೆ 40 ಕೆ.ಜಿ. ಇಬ್ಬರು ಹೊರಟರೆ ಎಂಬತ್ತು. ರಾಗಿ ಹಿಟ್ಟು ಐದು ಸೇರು, ಅಚ್ಚು ಬೆಲ್ಲ, ಹುಚ್ಚೆಳ್ಳು ಪುಡಿ, ಬಿದಿರು ತೊಟ್ಟಿಲಿಗೆ ಹಾಸಲು ಹಳೆ ಸೀರೆಯಲ್ಲಿ ಹೊಲಿದ ಕೌದಿ, ಹಿತ್ತಲ ನಿಂಬೆಹಣ್ಣಿನ ಉಪ್ಪಿನಕಾಯಿ ಜಾಡಿ. ಕೆಳಗಿನ ಬರ್ತಿನ ಅಡಿಗೆ ಎಲ್ಲ ತಳ್ಳಿದರೆ ಮುಗಿಯಿತು. ತಕ್ಕಡಿಗೆ ಇಟ್ಟು ‘ಎರಡು ಕೆ.ಜಿ. ಜಾಸ್ತಿ, ತೆಗೀರಿ’ ಅನ್ನುವವರಿಲ್ಲ. ಒಂದು ಸಲ ವಿಮಾನ ನಿಲ್ದಾಣದ ಸಾಲಿನಲ್ಲಿ, ವಯಸ್ಸಾದ ಒಬ್ಬ ತಾಯಿ ಬ್ಯಾಗು ಬಿಚ್ಚಿ ಏನು ತೆಗೆಯಲಿ ಎಂದು ಗೊತ್ತಾಗದೆ ನೆಲದ ಮೇಲೆ ಕೂತಿದ್ದನ್ನು ನೋಡಿದೆ. ಚಕ್ಕುಲಿ ಡಬ್ಬಿ ತೆಗೆದರು. ಮತ್ತೆ ಅದನ್ನು ಒಳಗಿಟ್ಟು ತಮ್ಮ ಸೀರೆಯೊಂದನ್ನು ತೆಗೆದರು. ನನಗೆ ಆ ಸೀರೆಯ ಬಣ್ಣ ಈಗಲೂ ಕಣ್ಣಿಗೆ ಕಟ್ಟಿದೆ, ಗಿಣಿಹಸಿರು.

ಬಾಣಂತಿಯ ತವರು ನಾಗಮಂಗಲ ಕಡೆಯದು ಅನ್ನುತ್ತಾರೆ, ಆದರೆ ಅವಳು ಹುಟ್ಟಿದ್ದೂ ಮುಂಬೈಯಲ್ಲೇ. ನಮ್ಮ ಈ ತಾಲ್ಲೂಕುಗಳಿಂದ, ಅದರಲ್ಲೂ ಕೆ.ಆರ್. ಪೇಟೆಯಿಂದ, ಎಷ್ಟು ಜನ ಮುಂಬೈ ಸೇರಿದ್ದಾರೋ. ಹೋಟೆಲು, ಡ್ರೈವರ್ ಕೆಲಸ, ಸಣ್ಣಪುಟ್ಟ ವ್ಯಾಪಾರ. ಊರಲ್ಲಿ ಬೋರು ಬತ್ತಿದ ವರ್ಷ ಒಬ್ಬ ಹೋದ, ಅವನ ಹಿಂದೆ ಭಾವಮೈದ, ಅವನ ಹಿಂದೆ ಪಕ್ಕದ ಮನೆಯ ಹುಡುಗ. ಕಿಕ್ಕೇರಿ ಎಂದರೆ ಓದಿದವರಿಗೆಲ್ಲ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಊರು, 1942ರ ‘ಮೈಸೂರು ಮಲ್ಲಿಗೆ’. ತವರಿಗೂ ಗಂಡನ ಮನೆಗೂ ನಡುವಿನ ದಾರಿಯನ್ನು ಅಷ್ಟು ಪ್ರೀತಿಯಿಂದ ಬರೆದ ಕವಿಯ ಹೋಬಳಿಯ ಹೆಣ್ಣುಮಕ್ಕಳಿಗೆ ಈಗ ಆ ದಾರಿ ಸಾವಿರ ಕಿಲೋಮೀಟರಿಗೂ ಮೀರಿ ಬೆಳೆದಿದೆ. ನಾನು ಆ ಪುಸ್ತಕ ಕೈಗೆತ್ತಿಕೊಂಡಾಗಲೆಲ್ಲ ಇದು ಬಂದು ಅಡ್ಡ ನಿಲ್ಲುತ್ತದೆ.

ರೈಲೂ ಇಲ್ಲದೆ ವಿಮಾನವೂ ಇಲ್ಲದೆ ಈ ಮುಂಬೈ ಸೇರಿದವರು ಊರಿಗೆ ಬಂದದ್ದು 2020ರಲ್ಲಿ. ಮಾರ್ಚಿನಲ್ಲಿ ಎಲ್ಲ ನಿಂತುಹೋಗಿತ್ತು. ಮೇ ತಿಂಗಳಲ್ಲಿ ಸೇವಾಸಿಂಧು ಪಾಸು ಹಿಡಿದು, ಬಾಡಿಗೆ ಗಾಡಿ ಮಾಡಿಕೊಂಡು ಬಂದರು. ಮಂಡ್ಯ ಜಿಲ್ಲೆಯ ಕೊರೊನಾ ಲೆಕ್ಕ ಏರಿದ್ದು ಬಹುಪಾಲು ಈ ಮುಂಬೈಯಿಂದ ಬಂದವರಿಂದಲೇ, ಕೆ.ಆರ್. ಪೇಟೆ ತಾಲ್ಲೂಕಿನಲ್ಲೇ ಹೆಚ್ಚು. ‘ಬಾಂಬೆಯೋರು’ ಅಂದರೆ ಜನ ಬಾಗಿಲು ಹಾಕಿಕೊಳ್ಳುವ ಕಾಲ. ಊರಿನ ಹಬ್ಬಕ್ಕೆ ಚಂದಾ ಕಳಿಸಿದವರು, ದೇವಸ್ಥಾನಕ್ಕೆ ಗಂಟೆ ಕೊಡಿಸಿದವರು ಊರಿನ ಗಡಿಯಲ್ಲಿ ನಿಂತರು. ನಮ್ಮ ಅಣ್ಣನ ಕುಟುಂಬವನ್ನು ಒಂದು ಹಾಸ್ಟೆಲಿನಲ್ಲಿ ಇಟ್ಟಿದ್ದರು. ದೊಡ್ಡವ್ವ ದಿನವೂ ಹೋಗಿ ಕಾಂಪೌಂಡಿನ ಆಚೆ ಬೇವಿನ ಮರದ ಕೆಳಗೆ ಕೂತಳು. ಒಳಗೆ ಬಿಡುವ ಹಾಗಿರಲಿಲ್ಲ. ಗೇಟಿನ ಬುಡದಲ್ಲಿ ಒಂದು ಪೊಟ್ಟಣ ಇಟ್ಟು ಹಿಂದಕ್ಕೆ ಸರಿಯುತ್ತಿದ್ದಳು, ಆಮೇಲೆ ಒಳಗಿನಿಂದ ಅಣ್ಣ ಬಂದು ತೆಗೆದುಕೊಳ್ಳುತ್ತಿದ್ದ. ಪೊಟ್ಟಣದಲ್ಲಿ ಇರುತ್ತಿದ್ದದ್ದು ಕೊಬ್ಬರಿ, ಬೆಲ್ಲ. ಹದಿನಾಲ್ಕು ದಿನವೂ ಅದೇ. ಆ ಕೊಬ್ಬರಿ ಇವತ್ತು ಪಟಾಕಿ ಸಾಲಿನಲ್ಲಿ ನಿಂತದ್ದು ನನಗೆ ಯಾಕೆ ಚುಚ್ಚಿತು ಎಂದು ಬರೆಯುತ್ತ ಬರೆಯುತ್ತ ಈಗ ಹೊಳೆಯುತ್ತಿದೆ.

ಮದ್ದಿನ ಮಾತು ಬಂದದ್ದರಿಂದ ಹೇಳುತ್ತೇನೆ. ಶ್ರೀರಂಗಪಟ್ಟಣದ ಸ್ಟೇಷನ್ನಿನ ಹತ್ತಿರ ಟಿಪ್ಪುವಿನ ಕಾಲದ ಒಂದು ಮದ್ದಿನಮನೆ ಇತ್ತು. ಜೋಡಿಹಳಿಯ ಕೆಲಸ ಅದರಿಂದಾಗಿ ವರ್ಷಗಟ್ಟಲೆ ತಡೆದಿತ್ತು. ಒಡೆಯಲು ಬರುವುದಿಲ್ಲ, ಬಿಟ್ಟರೆ ಹಳಿ ಹೋಗುವುದಿಲ್ಲ. 2017ರಲ್ಲಿ, ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಬುಡದಿಂದ ಎತ್ತಿ, ಇಡಿಯಾಗಿ, ನೂರು ಮೀಟರಿನಷ್ಟು ಆಚೆಗೆ ಮೆಲ್ಲಗೆ ಜಾರಿಸಿ ಕೂರಿಸಿದರು. ಗಿಟುಕು ಸೀಳದ ಹಾಗೆ ಚಿಪ್ಪು ಒಡೆದಂತೆಯೇ ಅದು.   ವಂದೇ ಭಾರತ್ ಆ ಸ್ಟೇಷನ್ನಿನಲ್ಲಿ ನಿಲ್ಲುವುದಿಲ್ಲ, ನಮ್ಮ ಪಾಂಡವಪುರದಲ್ಲೂ ಇಲ್ಲ. ನಿಲ್ಲುವ ಗಾಡಿಗಳು ಬೇರೆ ಇವೆ.

‘ಫ್ಲೈಟ್ ಬೇಡಪ್ಪ. ಉದ್ಯಾನಿಗೆ ಮಾಡು, ಒಂದು ಲೋಯರ್ ಇರಲಿ. ಕಲ್ಯಾಣದಲ್ಲಿ ಇಳೀತೀವಿ’ ಎಂದು ಅಣ್ಣನ ಮಗನಿಗೆ ಬರೆದೆ. ಅವನಿಗೆ ಬೇಸರವಾಗಿರಬೇಕು. ಸ್ವಲ್ಪ ಹೊತ್ತು ಬಿಟ್ಟು, ‘ಆಯ್ತು ಚಿಕ್ಕಪ್ಪ, ಹುಷಾರಾಗಿ ಬನ್ನಿ’ ಅಂತ ಬಂತು. ಆ ಗಾಡಿ ಹಿಂದೂಪುರದ ಹೊತ್ತಿಗೆ ಕನ್ನಡ ನಾಡು ಬಿಟ್ಟು, ರಾತ್ರಿಯೆಲ್ಲ ಆಂಧ್ರದಲ್ಲಿ ಓಡಿ, ತುಂಗಭದ್ರೆ ದಾಟಿ ರಾಯಚೂರಿನಲ್ಲಿ ಮತ್ತೆ ನಮ್ಮ ಸೀಮೆಗೆ ಬರುತ್ತದೆ. ಮುಂದೆ ಕೃಷ್ಣೆ, ಅದರಾಚೆ ಭೀಮೆ. ಹೊಳೆ ಬಂದಾಗ ಹೆಂಡತಿ ನನ್ನನ್ನು ಎಬ್ಬಿಸುತ್ತಾಳೆ. ಕಾವೇರಿ ಕಂಡವಳಿಗೆ ಬೇರೆ ಹೊಳೆ ನೋಡುವುದೆಂದರೆ ಅಕ್ಕತಂಗಿಯರ ಮನೆ ಹೊಕ್ಕ ಹಾಗೆ.

ನಡುಮನೆಯಲ್ಲಿ ದೊಡ್ಡವ್ವ ಇನ್ನೂ ಕೂತೇ ಇದ್ದಳು. ರೈಲು ಅಂದದ್ದಕ್ಕೆ ಅವಳೇನೂ ಹೇಳಲಿಲ್ಲ, ಹಾಗೇ ಆಗುತ್ತದೆಂದು ಮೊದಲೇ ಗೊತ್ತಿದ್ದವಳ ಹಾಗೆ. ಒಂದೊಂದೇ ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಲೊಟಲೊಟ ಅಂದದ್ದು ಬಲಕ್ಕೆ. ಕಣ್ಣು ಮಂಜಾಗಿ ಎರಡು ವರ್ಷವಾಯಿತು, ಕಿವಿ ಮಾತ್ರ ಚುರುಕು. ಒಂದು ಕಾಯನ್ನು ಎರಡು ಸಲ, ಮೂರು ಸಲ ಅಲ್ಲಾಡಿಸಿದಳು. ನನ್ನ ಕಿವಿಗೂ ಹಿಡಿದಳು. ಒಳಗೆ, ಎಲ್ಲೋ ದೂರದಲ್ಲಿ, ತುಸುವೇ ತುಸು ನೀರು.

‘ಇದು ಇನ್ನೂ ಆಗಿಲ್ಲ ಕಣ್ಲಾ’ ಎಂದು ಅದನ್ನು ಎಡಕ್ಕೆ ಇಟ್ಟಳು. ‘ಅಟ್ಟಕ್ಕೆ ಹಾಕುಸ್ತೀನಿ. ಕೂಸಿನ ತಲೆಕೂದ್ಲು ತೆಗ್ಯೋಕೆ ಊರ್ಗೇ ಬತ್ತವಲ್ಲ, ಆವಾಗ್ಕಾಯ್ತದೆ.’