ಏಣು ದಾಟುವ ಸೈಕಲ್ಲು

ಮಲೆನಾಡಿನ ಮಣ್ಣುದಾರಿಗೆ ಸೈಕಲ್ಲು ಇಳಿಸುವ ಮೊದಲು ಟಯರಿನ ಗಾಳಿ ಬಿಡಬೇಕು. ಡಾಂಬರಿನ ಮೇಲೆ ಬಿಗಿದುಕೊಂಡಿರಬೇಕಾದ ಚಕ್ರ ಇಲ್ಲಿ ಹೆಬ್ಬೆರಳಿಟ್ಟು ಒತ್ತಿದರೆ ತುಸು ತಗ್ಗಬೇಕು. ನನ್ನದು 40 ಮಿಲಿಮೀಟರ್ ಅಗಲದ ಟಯರು. ನನ್ನ ಮೈತೂಕಕ್ಕೆ 35 ಪಿಎಸ್‌ಐ ಸಾಕು. ಅದಕ್ಕಿಂತ ಹೆಚ್ಚಾದರೆ ಒಂದೊಂದು ಜಲ್ಲಿಕಲ್ಲೂ ಚಕ್ರವನ್ನು ಪಕ್ಕಕ್ಕೆ ಚಿಮ್ಮಿಸುತ್ತದೆ, ಗಂಟೆ ಕಳೆಯುವುದರೊಳಗೆ ಮಣಿಕಟ್ಟು ಹಿಡಿದುಕೊಳ್ಳುತ್ತದೆ. ಗಾಳಿ ಹದವಾಗಿದ್ದರೆ ಟಯರು ಕಲ್ಲನ್ನು ಅಪ್ಪಿಕೊಂಡು ಹತ್ತಿ ಆಚೆಗಿಳಿಯುತ್ತದೆ. ಕೆಳಗೆ ಏನಿದೆಯೆಂಬ ಸುದ್ದಿ ಅಂಗೈಗೆ ಬರುತ್ತಲೇ ಇರುತ್ತದೆ: ಈಗ ಜಂಬಿಟ್ಟಿಗೆ ಕಲ್ಲು, ಈಗ ಒದ್ದೆ ಎಲೆ, ಈಗ ಬೇರು, ಈಗ ಹಳ್ಳದ ಮರಳು. ನನಗೆ ಈ ಸವಾರಿ ಹಿಡಿಸಿದ್ದು ಆ ಸುದ್ದಿಗಾಗಿಯೇ.

ರೇಸ್ ಸೈಕಲ್ಲಿನ ಬಾಗಿದ ಹ್ಯಾಂಡಲ್ಲು, ಅಗಲ ಟಯರು, ಡಿಸ್ಕ್ ಬ್ರೇಕು, ಕಡಿದಾದ ಏರಿಗೆ ಒದಗುವ ಗೇರುಗಳು, ಇಷ್ಟಿದ್ದರೆ ಅದು ಗ್ರಾವೆಲ್ ಬೈಕು. ಅಮೆರಿಕದ ಕಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಊರಿನಲ್ಲಿ 2006ರಲ್ಲಿ ಶುರುವಾಗಿ ಈಗ ಅನ್‌ಬೌಂಡ್ ಎಂಬ ಹೆಸರಿನಲ್ಲಿ ನಡೆಯುವ 200 ಮೈಲಿಯ ಓಟ ಈ ಜಾತಿಯ ಸೈಕಲ್ಲಿಗೆ ಹೆಸರು ತಂದುಕೊಟ್ಟಿತು. 2022ರಲ್ಲಿ ಇಟಲಿಯಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ಪೂ ಆಯಿತು. ಕಾನ್ಸಾಸಿನದು ಹುಲ್ಲುಗಾವಲಿನ ಗುಡ್ಡಗಳ ನಡುವಿನ ದಾರಿ. ನಾನು ಹೇಳಹೊರಟಿರುವುದು ಸಕಲೇಶಪುರದಿಂದ ಹೆತ್ತೂರು, ವಣಗೂರು ಬಳಸಿ ಬಿಸಿಲೆಗೆ ಹೋಗಿ, ಘಾಟಿ ಇಳಿದು ಕುಮಾರಧಾರೆಯ ಕಣಿವೆ ಸೇರುವ ದಾರಿಯನ್ನು. ದೊಡ್ಡ ರಸ್ತೆಗೆ ಡಾಂಬರು ಬಂದಿದೆ, ಆದರೆ ಅದರ ಎರಡೂ ಕಡೆ ಊರಿನಿಂದ ಊರಿಗೆ, ಗದ್ದೆಯಿಂದ ತೋಟಕ್ಕೆ ಮಣ್ಣುದಾರಿಗಳು ಕವಲೊಡೆಯುತ್ತ ಹೋಗುತ್ತವೆ. ತೋಟದ ದಾರಿಯಾದರೆ ಗೇಟಿನಲ್ಲಿ ರೈಟರನ್ನು ಕೇಳಿಯೇ ಒಳಗೆ ಹೋಗಬೇಕು. ಕೇಳಿದರೆ ಸಾಮಾನ್ಯವಾಗಿ ಬೇಡವೆನ್ನುವುದಿಲ್ಲ, ಎಲ್ಲಿ ಸಂಕ ಮುರಿದಿದೆ ಎಂಬುದನ್ನೂ ಹೇಳಿ ಕಳಿಸುತ್ತಾರೆ.

ಹೋಗಲು ಒಳ್ಳೆಯ ಕಾಲವೆಂದರೆ ಮಳೆ ಹಿಂದೆಗೆದ ಮೇಲಿನ ಎರಡು ತಿಂಗಳು. ಆಗ ಮಣ್ಣು ಕೂತಿರುತ್ತದೆ, ಧೂಳೆದ್ದಿರುವುದಿಲ್ಲ. ಹಳ್ಳಗಳಲ್ಲಿ ನೀರೂ ಇರುತ್ತದೆ. ಆ ದಿನಗಳಲ್ಲಿ ಮಣ್ಣುದಾರಿಯನ್ನು ಓದಿಕೊಂಡು ಹೋಗಬಹುದು. ಕೆಲವು ಕಡೆ ನೆಲ ಅಡ್ಡಡ್ಡ ಅಲೆಯಲೆಯಾಗಿ ಎದ್ದಿರುತ್ತದೆ. ಇದು ವಾಹನದ ಸ್ಪ್ರಿಂಗಿನ ಕುಣಿತದಿಂದ ಆಗುವುದೆಂದು ಹಲವರು ತಿಳಿದಿದ್ದಾರೆ. ಆದರೆ ಪ್ರಯೋಗಾಲಯದಲ್ಲಿ ಮರಳಿನ ಮೇಲೆ ಸ್ಪ್ರಿಂಗೇ ಇಲ್ಲದ ಚಕ್ರ ಉರುಳಿಸಿದರೂ, ವೇಗ ಒಂದು ಮಿತಿ ದಾಟಿತೆಂದರೆ ಈ ಅಲೆಗಳು ಏಳುತ್ತವೆ. ಹಾಗಾಗಿ ಅಲೆ ಕಂಡಲ್ಲಿ ಜೀಪುಗಳು ಜೋರಾಗಿ ಓಡಿವೆ ಎಂದು ಅರ್ಥ. ಮುಂದೆ ದಾರಿ ನೇರವಾಗಿದೆ ಎಂದೂ ಅರ್ಥ. ಅಲೆ ನಿಂತಿತೆಂದರೆ ತಿರುವು ಬಂತೆಂದು ತಿಳಿದು, ತಿರುಗುವ ಮೊದಲೇ ಬ್ರೇಕು ಹಿಡಿದು ಬಿಡಬೇಕು. ತಿರುವಿನ ಹೊರ ಅಂಚಿನಲ್ಲಿ ಚಕ್ರಗಳು ಎಸೆದ ಸಡಿಲ ಜಲ್ಲಿ ರಾಶಿಬಿದ್ದಿರುತ್ತದೆ. ಅದರ ಮೇಲೆ ಬ್ರೇಕು ಹಿಡಿಯುವುದೆಂದರೆ ರಾಗಿಕಾಳಿನ ಮೇಲೆ ಕಾಲಿಟ್ಟಂತೆ.

ಇನ್ನೊಂದು ಓದು ನೀರಿನದು. ದಾರಿಗೆ ಅಡ್ಡಲಾಗಿ ಒಂದಷ್ಟು ದೂರಕ್ಕೊಂದರಂತೆ ಓರೆಯಾಗಿ ತೆಗೆದ ಬಸಿಗಾಲುವೆ ಕಂಡರೆ ಅಲ್ಲಿ ದಾರಿಯ ಮೇಲೆ ಅಕ್ಕರೆಯಿರುವ ಯಾರೋ ಇದ್ದಾರೆ. ಮಳೆನೀರು ದಾರಿಯನ್ನೇ ಹೊಳೆ ಮಾಡಿಕೊಳ್ಳದಂತೆ ಅದನ್ನು ಆಗಾಗ ಪಕ್ಕಕ್ಕೆ ತಿರುಗಿಸಿಬಿಡುವ ಉಪಾಯ ಅದು. ಎಲ್ಲಿ ಅದನ್ನು ಮರೆತಿದ್ದಾರೋ ಅಲ್ಲಿ ಒಂದೇ ಮಳೆಗಾಲಕ್ಕೆ ದಾರಿಯ ನಡುವೆ ಮೊಣಕಾಲುದ್ದದ ಕೊರಕಲು ಬಿದ್ದು, ಕೆಳಗಿನ ಗದ್ದೆಗೆ ಕೆಮ್ಮಣ್ಣು ಹರಿದಿರುತ್ತದೆ. ಒಂದು ಗುದ್ದಲಿ, ಒಂದು ಹಗಲಿನ ಕೆಲಸದಲ್ಲಿ ಉಳಿಯುತ್ತಿದ್ದ ದಾರಿ ಹಾಳಾಗಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಈ ದಾರಿಗಳ ನಿಜವಾದ ಸವಾರರು ಶಾಲೆಯ ಮಕ್ಕಳು. ನಮ್ಮ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ಶುರು ಮಾಡಿದ್ದು 2006-07ರಲ್ಲಿ, ಅಂದರೆ ಎಂಪೋರಿಯಾದ ಆ ಓಟ ಹುಟ್ಟಿದ ಹೊತ್ತಿಗೇ. ಗೇರಿಲ್ಲದ, ಸಪೂರ ಟಯರಿನ, ಮುಂದೊಂದು ಬುಟ್ಟಿಯಿದ್ದ ಆ ಸೈಕಲ್ಲುಗಳ ಮೇಲೆ ಮಲೆನಾಡಿನ ಎಷ್ಟೋ ಹೆಣ್ಣುಮಕ್ಕಳು ಇದೇ ಜಲ್ಲಿಯ ಮೇಲೆ ಹೈಸ್ಕೂಲು ಮುಗಿಸಿದ್ದಾರೆ. ಏರಿನಲ್ಲಿ ತಳ್ಳಿಕೊಂಡು, ಇಳಿಜಾರಿನಲ್ಲಿ ಕೂತು. ಕೋವಿಡ್ ಬಂದ ಮೇಲೆ ಯೋಜನೆ ನಿಂತುಹೋಯಿತು. ಕೂಡುರಸ್ತೆಯ ಹತ್ತಿರ ಒಬ್ಬ ಹುಡುಗ ಅಕ್ಕನ ಕಾಲದ ಸೈಕಲ್ಲು ತುಳಿಯುತ್ತ ಜೊತೆಗೆ ಬಂದ. ನನ್ನದನ್ನು ಸುತ್ತ ನೋಡಿ, “ಬ್ರೇಕ್ ಚೆನ್ನಾಗಿದೆ ಅಣ್ಣ. ಕ್ಯಾರಿಯರ್ ಯಾಕೆ ಹಾಕ್ಸಿಲ್ಲ? ಹುಲ್ಲು ಎಲ್ಲಿ ಕಟ್ತೀರಿ?” ಎಂದ. ಅವನದರಲ್ಲಿ ಹಿಂದೆ ಒಂದು ಹೊರೆ ಹಸಿಹುಲ್ಲು, ಅದರ ಮೇಲೆ ಕತ್ತಿ. ಅಷ್ಟು ಭಾರ ಕಟ್ಟಿಕೊಂಡು ಅವನು ಸಡಿಲ ಜಲ್ಲಿಯ ಮೇಲೆ ಗೆರೆ ಹಿಡಿದು ಇಳಿದ ಬಗೆಯನ್ನು ನಾನು ಹಿಂದಿನಿಂದ ಗಮನವಿಟ್ಟು ನೋಡಿ ಕಲಿತೆ. ಅವನು ಚಕ್ರದ ಮುಂದಿನ ಕಲ್ಲನ್ನು ನೋಡುತ್ತಿರಲಿಲ್ಲ, ಹತ್ತು ಮಾರು ಆಚೆಗೆ ತಾನು ಇರಬೇಕಾದ ಜಾಗವನ್ನು ನೋಡುತ್ತಿದ್ದ.

ಆನೆಯ ಮಾತು ಹೇಳದೆ ಈ ಸೀಮೆಯ ಬಗ್ಗೆ ಬರೆಯುವುದು ತಪ್ಪಾಗುತ್ತದೆ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ಕಡೆ ಕಾಫಿತೋಟಗಳಲ್ಲೇ ಆನೆಗಳು ಓಡಾಡಿಕೊಂಡಿವೆ. ಕೆಲಸಕ್ಕೆ ಹೋದವರು ಜೀವ ಕಳೆದುಕೊಂಡಿದ್ದಾರೆ. ಹಿಂಡು ಎಲ್ಲಿದೆಯೆಂದು ಊರವರ ಫೋನಿಗೆ ಅರಣ್ಯ ಇಲಾಖೆಯಿಂದ ಸಂದೇಶ ಬರುವ ಏರ್ಪಾಡಿದೆ. ಸೈಕಲ್ಲಿನ ದೊಡ್ಡ ಗುಣ ಅದರ ನಿಶ್ಶಬ್ದ. ಸಿಳ್ಳಾರದ ಶಿಳ್ಳೆ, ಮರದ ತುದಿಯಲ್ಲಿ ಹಾದುಹೋಗುವ ಮಂಗಟ್ಟೆಯ ರೆಕ್ಕೆಯ ಭುಸುಭುಸು ಎಲ್ಲ ಕೇಳುವುದು ಅದರಿಂದಲೇ. ಆದರೆ ಇಲ್ಲಿ ಆ ನಿಶ್ಶಬ್ದವೇ ಅಪಾಯ. ನಾವು ಬರುವುದು ಆನೆಗೂ ಗೊತ್ತಾಗುವುದಿಲ್ಲ. ಬಿಸಿಲೇರುವ ತನಕ ಹೊರಡುವುದಿಲ್ಲ, ಸಂಜೆ ನಾಲ್ಕರೊಳಗೆ ಊರು ಸೇರುತ್ತೇನೆ, ಕುರುಡು ತಿರುವಿನಲ್ಲಿ ಬೆಲ್ಲು ಬಾರಿಸುತ್ತೇನೆ. ಮೆಣಸಿನ ಬಳ್ಳಿ ಕಟ್ಟುತ್ತಿದ್ದ ಹೆಂಗಸೊಬ್ಬರು “ಆ ಕಡೆ ಮರಿ ಆನೆ ಇದಾವಂತೆ, ಇವತ್ತು ಬೇಡಿ ಸಾರ್” ಎಂದರೆ ಮುಗಿಯಿತು, ಸೈಕಲ್ಲು ತಿರುಗಿಸಬೇಕು. ಮೀಸಲು ಅರಣ್ಯದ ಒಳದಾರಿಗಳಂತೂ ಅನುಮತಿಯಿಲ್ಲದೆ ನಮ್ಮವಲ್ಲ.

ಬಿಸಿಲೆಗೆ ಮೊದಲು ಮಂಕನಹಳ್ಳಿಯ ಬಳಿ ಒಂದು ಏಣು ಸಿಗುತ್ತದೆ. ನೋಡಲು ಏನೂ ವಿಶೇಷವಿಲ್ಲ. ಒಂದು ಕಲ್ಲು ನೆಟ್ಟು, ಒಂದು ಪಕ್ಕಕ್ಕೆ ಬಂಗಾಳಕೊಲ್ಲಿ, ಇನ್ನೊಂದು ಪಕ್ಕಕ್ಕೆ ಅರಬ್ಬೀ ಸಮುದ್ರ ಎಂದು ಗುರುತು ಮಾಡಿದ್ದಾರೆ. ಪೂರ್ವಕ್ಕೆ ಬಿದ್ದ ಮಳೆ ಹೇಮಾವತಿ ಸೇರಿ, ಗೊರೂರಿನ ಅಣೆಕಟ್ಟು ದಾಟಿ, ಕಾವೇರಿಯೊಡನೆ ತಮಿಳುನಾಡನ್ನೆಲ್ಲ ಹಾದು ಕಡಲಿಗೆ ಹೋಗುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಕುಮಾರಧಾರೆಗೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ, ಮಂಗಳೂರಿನಲ್ಲಿ ಸಮುದ್ರ ಮುಟ್ಟುತ್ತದೆ. ಆ ಕಡಲು ಇಲ್ಲಿಂದ ಹಕ್ಕಿ ಹಾರಿದಂತೆ ಅಳೆದರೆ ನೂರು ಕಿಲೋಮೀಟರೂ ಇಲ್ಲ. ಶಾಲೆಯ ಭೂಪಟದಲ್ಲಿ ಪಶ್ಚಿಮ ಘಟ್ಟವನ್ನು ಒಂದು ಕಂದು ಗೆರೆಯಾಗಿ ನೋಡಿದ್ದೆ. ಪೂರ್ವಕ್ಕೆ ಮೆಲ್ಲಗೆ ಇಳಿಯುವ ನೆಲ, ಪಶ್ಚಿಮಕ್ಕೆ ದಿಢೀರನೆ ಕುಸಿಯುವ ನೆಲ ಎಂಬ ಸಾಲನ್ನು ಉರುಹೊಡೆದಿದ್ದೆ. ಅದು ತೊಡೆಯ ಸ್ನಾಯುಗಳಿಗೆ ಅರ್ಥವಾಗುವುದು ಇಲ್ಲಿ. ಸಕಲೇಶಪುರದಿಂದ ಏಣಿನವರೆಗೆ ಏರಿಳಿತವೇ ಹೊರತು ಒಂದೇ ದೊಡ್ಡ ಏರಿಲ್ಲ. ಏಣು ದಾಟಿ ಬಿಸಿಲೆಯಾಚೆ ಹೋದರೆ ಸುಮಾರು 25 ಕಿಲೋಮೀಟರ್ ಇಳಿಯುವುದೊಂದೇ ಕೆಲಸ. ಕುಮಾರಪರ್ವತದ ಸಾಲನ್ನು ಎದುರಿಗಿಟ್ಟುಕೊಂಡು ಕಾಡಿನೊಳಗೆ ಮುಳುಗುತ್ತ ಹೋಗುತ್ತೇವೆ. ಹವೆ ಬೆಚ್ಚಗಾಗುತ್ತದೆ, ಜೀರುಂಡೆಯ ಸದ್ದು ದಪ್ಪವಾಗುತ್ತದೆ, ಕಾಫಿ ಕಳೆದು ಅಡಿಕೆ, ರಬ್ಬರು ಬರುತ್ತವೆ.

ಈ ಘಾಟಿ ಬಹುಕಾಲ ಹೊಂಡಗಳ ದಾರಿಯಾಗಿತ್ತು, ಈಗ ಬಹುಪಾಲು ಕಾಂಕ್ರೀಟಾಗಿದೆ. ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸಿಗೆ, ಹೆರಿಗೆಗೆ ಹೊರಟ ಹೆಂಗಸಿಗೆ ಅದು ಬೇಕಿತ್ತು. ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಾಡಿನೊಳಗಿನ ಪ್ರತಿ ಗಾಡಿದಾರಿಯನ್ನೂ ಅಗಲ ಮಾಡಿ ಸಿಮೆಂಟು ಸುರಿಯಬೇಕೆಂಬ ಆತುರ ನನಗೆ ಒಪ್ಪಿಗೆಯಿಲ್ಲ. ಅಗಲ ಮಾಡಲು ಧರೆ ಕಡಿಯುತ್ತಾರೆ, ಕಡಿದ ಧರೆ ಮುಂದಿನ ಮಳೆಗೆ ಜರಿಯುತ್ತದೆ.

ಘಾಟಿಯ ಬುಡದ ಕುಳ್ಕುಂದದಲ್ಲಿ ಒಂದು ರಾತ್ರಿ ತಂಗಿ ಮರುದಿನ ಅದೇ ಘಾಟಿ ಹತ್ತಿ ವಾಪಸಾಗುವುದು ನನ್ನ ರೂಢಿ. ಹತ್ತುವಾಗ ಚಿಕ್ಕ ಗೇರಿನಲ್ಲಿ, ನಡಿಗೆಗಿಂತ ತುಸು ಹೆಚ್ಚಿನ ವೇಗದಲ್ಲಿ, ಪ್ರತಿ ಮೀಟರಿನ ಲೆಕ್ಕವೂ ಮೈಗೆ ತಿಳಿಯುತ್ತದೆ. ಆಗ ಎತ್ತಿನಹೊಳೆ ನೆನಪಾಗದೆ ಇರುವುದಿಲ್ಲ. ಪಶ್ಚಿಮಕ್ಕೆ ಹರಿಯುವ ಹಳ್ಳಗಳಿಂದ 24 ಟಿಎಂಸಿ ನೀರನ್ನು ಪಂಪಿನಿಂದ ಇದೇ ಘಟ್ಟದ ಏಣಿಗೆ ಎತ್ತಿ, ಪೂರ್ವದ ಬರಡು ಜಿಲ್ಲೆಗಳಿಗೆ ಹರಿಸುವ ಯೋಜನೆ ಅದು. ಮೊದಲ ಹಂತಕ್ಕೆ 2024ರ ಸೆಪ್ಟೆಂಬರಿನಲ್ಲಿ ಚಾಲನೆ ಕೊಟ್ಟರು. 24 ಟಿಎಂಸಿ ಎಂದರೆ ಸುಮಾರು 68,000 ಕೋಟಿ ಲೀಟರು, ಒಂದೊಂದು ಲೀಟರೂ ಒಂದೊಂದು ಕಿಲೋ. ಕೋಲಾರ, ಚಿಕ್ಕಬಳ್ಳಾಪುರದ ಜನ ಆಳದ ಬೋರ್‌ವೆಲ್ಲಿನ ಫ್ಲೋರೈಡ್ ನೀರು ಕುಡಿದದ್ದು ಸುಳ್ಳಲ್ಲ, ಅವರಿಗೆ ನೀರು ಬೇಕು. ಪೈಪಿಗಾಗಿ ಬಗೆದ ಗುಡ್ಡಗಳನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಮಳೆ ಎರಡಾಗಿ ಒಡೆದುಕೊಳ್ಳುವ ಗೆರೆಯನ್ನು ಯಂತ್ರದಿಂದ ದಾಟಿಸಲು ತಗಲುವ ಬಲ ಎಷ್ಟೆಂಬುದು, ಮೈಭಾರವನ್ನಷ್ಟೇ ಅಲ್ಲಿಗೆ ಎತ್ತಿಕೊಂಡು ಹೋಗುವಾಗ ಉಸಿರಿಗೆ ಗೊತ್ತಾಗುತ್ತದೆ.

ಹೊರಡುವಾಗ ಬಾಟಲಿ ತುಂಬಿಸಿಕೊಳ್ಳುವಲ್ಲೂ ಇದೇ ತೂಕದ ಯೋಚನೆ. ಡಿಸೆಂಬರಾದರೆ ದಾರಿಯುದ್ದಕ್ಕೂ ಮೋರಿಗಳ ಕೆಳಗೆ ಹಳ್ಳ ಹರಿಯುತ್ತಿರುತ್ತದೆ, ಒಂದು ಬಾಟಲಿ ಸಾಕು. ಏಪ್ರಿಲಾದರೆ ಎರಡು ತುಂಬಿಸಿಕೊಂಡು, ಒಂದು ಕಿಲೋ ಹೆಚ್ಚು ಹೊತ್ತುಕೊಂಡೇ ಹತ್ತುತ್ತೇನೆ.