ಕಿಸೆಯೊಳಗೊಬ್ಬ ಕ್ಯಾಮೆರಾಮನ್!

ಸಿನಿಮಾ ನೋಡುವವರಲ್ಲಿ ಎರಡು ಜಾತಿ. ತೆರೆಯ ಮೇಲೆ ಹೀರೋ ಹೆಸರು ಬಂದಾಗ ಸೀಟಿ ಹೊಡೆದು ಸುಮ್ಮನಾಗುವವರದು ಒಂದು. ‘ಛಾಯಾಗ್ರಹಣ’ ಎಂಬ ಅಕ್ಷರ ಬರುವವರೆಗೂ ಕಣ್ಣು ಮಿಟುಕಿಸದೆ ಕಾಯುವವರದು ಇನ್ನೊಂದು. ನಾನು ಎರಡನೆಯ ಜಾತಿಯವನು. ಊರು ಖಾನಾಪುರ. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಕೂಲಿ. ಹೊಸ ಕನ್ನಡ ಚಿತ್ರ ನೋಡಬೇಕೆಂದರೆ 25 ಕಿಲೋಮೀಟರ್ ಆಚೆಯ ಬೆಳಗಾವಿಗೆ ಬಸ್ಸು ಹತ್ತಬೇಕು. ಕ್ಯಾಮೆರಾಮನ್ ಆಗುವ ನನ್ನ ಕನಸು ಹುಟ್ಟಿದ್ದು ಆ ಬಸ್ಸಿನ ಕಿಟಕಿ ಸೀಟಿನಲ್ಲೇ!

ಕನಸೇನೋ ಪುಕ್ಕಟೆ. ಕ್ಯಾಮೆರಾ ಪುಕ್ಕಟೆಯೇ? 2010ರಲ್ಲಿ ಬೆಳಗಾವಿಯ ಖಡೇಬಜಾರಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಒಂದೂವರೆ ತಿಂಗಳ ಪಗಾರದಷ್ಟು ದುಡ್ಡು ಕೂಡಿಟ್ಟು ಕ್ಯಾನನ್ ಪವರ್‌ಶಾಟ್ ಎ490 ಕೊಂಡೆ. 10 ಮೆಗಾಪಿಕ್ಸೆಲ್, 3.3 ಪಟ್ಟು ಝೂಮ್, ಎರಡೂವರೆ ಇಂಚಿನ ಪರದೆ, ಹೊಟ್ಟೆಗೆ ಎರಡು ಪೆನ್ಸಿಲ್ ಸೆಲ್! ಗೆಳೆಯರಿಗೆ ತೋರಿಸಿದರೆ, “ಲೇ ದೋಸ್ತಾ, ಇದೇನ್ ಕ್ಯಾಮೆರಾನೋ, ಸಾಬೂನ ಡಬ್ಬಿನೋ?” ಅಂದರು. ಅನ್ನಲಿ ಬಿಡಿ. ಡಬ್ಬಿ ಕಿಸೆಯಲ್ಲಿ ಹಿಡಿಸುತ್ತಿತ್ತಲ್ಲ!

ಈ ಡಬ್ಬಿಯ ಮೂಲಪುರುಷ ಹುಟ್ಟಿದ್ದು 1975ರಲ್ಲಿ, ಅಮೆರಿಕದ ಕೊಡಾಕ್ ಕಂಪನಿಯಲ್ಲಿ. ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರು ತಯಾರಿಸಿದ ಆ ಮೊದಲ ಡಿಜಿಟಲ್ ಕ್ಯಾಮೆರಾದ ತೂಕ ಮೂರೂವರೆ ಕಿಲೋಗೂ ಮೇಲೆ. ಕಪ್ಪು ಬಿಳುಪಿನ ಒಂದು ಚಿತ್ರ ಕ್ಯಾಸೆಟ್ಟಿಗೆ ಇಳಿಯಲು 23 ಸೆಕೆಂಡು! ಅದರಲ್ಲಿದ್ದದ್ದು 0.01 ಮೆಗಾಪಿಕ್ಸೆಲ್. ನನ್ನ ಕಿಸೆಯಲ್ಲಿದ್ದದ್ದು ಅದರ ಸಾವಿರ ಪಟ್ಟು. ಜಂಬ ಬರದೇ ಇರುತ್ತದೆಯೇ?

ಬೆಳಕೇ ಬಂಡವಾಳ

ಆದರೆ ಚಿಕ್ಕ ಕ್ಯಾಮೆರಾಕ್ಕೆ ಒಂದು ಮಿತಿ ಉಂಟು. ಬೆಳಕನ್ನು ಹಿಡಿಯುವ ಅದರ ಸೆನ್ಸರ್ ಸುಮಾರು 6 ಮಿಲಿಮೀಟರ್ ಅಗಲ. ಕಿರುಬೆರಳ ಉಗುರಿಗಿಂತ ಸಣ್ಣದು. ಹಳೆಯ ರೀಲಿನ ಸ್ಟಿಲ್ ಕ್ಯಾಮೆರಾದ ಒಂದು ಫ್ರೇಮು 36 ಮಿಲಿಮೀಟರ್ ಅಗಲ. ಚಿಕ್ಕ ಬೊಗಸೆಗೆ ಎಷ್ಟು ನೀರು ಹಿಡಿದೀತು? ಕತ್ತಲಾದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಕಾಣುತ್ತದೆ. ಕೈ ಕೊಂಚ ಅಲುಗಿದರೂ ಮುಖ ಕಲಸಿಹೋಗುತ್ತದೆ. ಫ್ಲಾಶ್ ಇದೆಯಲ್ಲ ಅಂತೀರಾ? ಇಂಥ ಕ್ಯಾಮೆರಾಗಳ ಫ್ಲಾಶು ಸುಮಾರು 3 ಮೀಟರ್ ದಾಟಿದರೆ ಸುಸ್ತು.

ಅದಕ್ಕೇ ಉಪಾಯ ಬೇಕು. ಬೆಳಗಾವಿ ಕೋಟೆಯೊಳಗಿನ ಕಮಲ ಬಸದಿಗೆ ಹೋಗಿದ್ದೀರಾ? ರಟ್ಟರ ಕಾಲದ್ದು, 1204ರಲ್ಲಿ ಕಟ್ಟಿದ್ದು. ಚಾವಣಿಯಿಂದ ಕಲ್ಲಿನ ಕಮಲವೊಂದು ತಲೆಕೆಳಗಾಗಿ ತೂಗಿದಂತಿದೆ. ಒಳಗೆ ಅರೆಗತ್ತಲು. ಅಲ್ಲಿದ್ದವರ ಅಪ್ಪಣೆ ಕೇಳಿಕೊಂಡು, ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತ ಮಲಗಿಸಿದೆ. ಫ್ಲಾಶ್ ಬಂದ್. ಟೈಮರನ್ನು 2 ಸೆಕೆಂಡಿಗೆ ಇಟ್ಟು ಗುಂಡಿ ಒತ್ತಿ ಕೈ ತೆಗೆದೆ. ಕ್ಲಿಕ್! ಎಸಳೆಸಳೂ ಎಣಿಸುವ ಹಾಗೆ ಬಂತು. ಮೂರು ಕಾಲಿನ ಸ್ಟ್ಯಾಂಡು ಬೇಕೇ? ಭೂಮಿತಾಯಿಗಿಂತ ಗಟ್ಟಿ ಸ್ಟ್ಯಾಂಡು ಯಾವುದಿದೆ ಹೇಳಿ!

ಬೆಳಕಿನ ಮಾತು ಬಂದರೆ ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರಿಗೆ ಕೈ ಮುಗಿಯದೆ ಮುಂದೆ ಹೋಗುವಂತಿಲ್ಲ. ಗುರುದತ್ತರ ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ, ಖಾಲಿ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಆ ಬೆಳಕಿನ ಕಂಬ ನೆನಪಿದೆಯೇ? ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ತಿರುಗಿಸಿ ಒಳಗೆ ತಂದವರು ಈ ಮಹಾನುಭಾವರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ, 2008ನೇ ಸಾಲಿನದು. ಬೆಳಕು ಎಲ್ಲಿಂದ ಬರುತ್ತದೆ, ಯಾರ ಮುಖದ ಮೇಲೆ ಬೀಳಬೇಕು ಎಂದು ಮೊದಲು ನೋಡು, ಗುಂಡಿ ಆಮೇಲೆ ಒತ್ತು. ಮೂರ್ತಿಯವರ ಆ ದೃಶ್ಯ ನೋಡಿ ನಾನು ಕಲಿತ ಪಾಠ ಇಷ್ಟೇ.

ನಾಯಕನ ಪಾದ, ಅಪ್ಪನ ನಗೆ

ಆ ಪಾಠ ಪ್ರಯೋಜನಕ್ಕೆ ಬಂದದ್ದು 2012ರ ನವೆಂಬರ್ 1ರಂದು. ರಾಜ್ಯೋತ್ಸವದ ದಿನ. ಬೆಳಗಾವಿಯಲ್ಲಿ ರಾಜ್ಯೋತ್ಸವ ಅಂದರೆ ಕೇಳಬೇಕೇ? ಚೆನ್ನಮ್ಮ ವೃತ್ತದ ತುಂಬ ಹಳದಿ ಕೆಂಪು ಬಾವುಟ, ಕಾಲಿಡಲು ಜಾಗವಿಲ್ಲ. ಅದೇ ದಿನ ದರ್ಶನ್ ಅವರ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಬಿಡುಗಡೆ. ನಮಗಂತೂ ಅದು ಮನೆಯ ಹಬ್ಬ. ರಾಯಣ್ಣನನ್ನು 1831ರ ಜನವರಿ 26ರಂದು ಗಲ್ಲಿಗೇರಿಸಿದ ನಂದಗಡ ಇರುವುದು ನಮ್ಮ ಖಾನಾಪುರ ತಾಲ್ಲೂಕಿನಲ್ಲೇ.

ಅಪ್ಪನನ್ನು ಕರೆದುಕೊಂಡು ಹೋದೆ. 1967ರಲ್ಲಿ ಇದೇ ಕಥೆ ಚಿತ್ರವಾಗಿ ಬಂದಾಗ ಅಪ್ಪ ಹುಡುಗ. ಲತಾ ಮಂಗೇಶ್ಕರ್ ಕನ್ನಡದಲ್ಲಿ ಹಾಡಿದ ಚಿತ್ರ ಅದು. ಕಾರ್ಖಾನೆಯಿಂದ ದಣಿದು ಬಂದ ರಾತ್ರಿಗಳಲ್ಲಿ ಅಪ್ಪ ಗುನುಗುತ್ತಿದ್ದದ್ದು ಅದರ ಹಾಡನ್ನೇ. ಅಂಥ ಅಪ್ಪ ಫೋಟೋ ಅಂದರೆ ಮಾತ್ರ ಕಂಬವಾಗಿಬಿಡುತ್ತಿದ್ದ. ಸ್ಟುಡಿಯೋದವರು ಎಂದೋ “ಅಲುಗಾಡಬ್ಯಾಡ್ರಿ” ಅಂದದ್ದು ಅವನ ಮೈಯಲ್ಲಿ ಹಾಗೇ ಉಳಿದಿತ್ತು. ಮದುವೆ ಫೋಟೋದಲ್ಲೂ ಸಿಡುಕು ಮುಖ, ರೇಷನ್ ಕಾರ್ಡಿನಲ್ಲೂ ಸಿಡುಕು ಮುಖ!

ಆಟ ಮುಗಿದು ಹೊರಗೆ ಬಂದರೆ ಸಂಜೆ. ಟಾಕೀಸಿನ ಮುಂದೆ ಆಳೆತ್ತರದ ಹಾರ ಹಾಕಿದ ಕಟೌಟು, ಡೊಳ್ಳು, ಹಾಲಿನ ಅಭಿಷೇಕ. ಸೂರ್ಯ ಕಟೌಟಿನ ಹಿಂದೆ ಇಳಿಯುತ್ತಿದ್ದ. ಎದುರಿಗಿದ್ದವರ ಮುಖವೆಲ್ಲ ಕಪ್ಪು.

“ಅಪ್ಪಾ, ಅಲ್ಲೇ ನಿಂದ್ರು.”

“ಏ ತಮ್ಮಾ, ನಂದ್ಯಾಕೋ? ರಾಯಣ್ಣಂದು ತಗಿ!”

ಹಗಲಿದ್ದರೂ ಬೇಕೆಂದೇ ಫ್ಲಾಶ್ ಹಚ್ಚಿದೆ. ಆರಡಿ ದೂರಕ್ಕೆ ಅದು ಧಾರಾಳ ಸಾಕು. ಶೂಟಿಂಗಿನಲ್ಲಿ ನಾಯಕಿಯ ಮುಖಕ್ಕೆ ರಿಫ್ಲೆಕ್ಟರ್ ಹಿಡಿಯುವುದಿಲ್ಲವೇ, ಹಾಗೆ. ಕ್ಲಿಕ್ಕಿಸಿ ಪರದೆಯಲ್ಲಿ ತೋರಿಸಿದೆ. ಅಪ್ಪ ಕಣ್ಣು ಕಿರಿದು ಮಾಡಿ ನೋಡಿದ. ಕಟೌಟಿನ ಪಾದಗಳಷ್ಟೇ ಚೌಕಟ್ಟಿನೊಳಗೆ. ಮುಂದೆ ತಾನೊಬ್ಬನೇ ದೊಡ್ಡದಾಗಿ.

“ಏ ಹುಚ್ಚಾ! ಹೀರೋಂದು ಪಾದ ಅಷ್ಟ ಬಂದಾವಲ್ಲೋ! ಹೀರೋ ನಾನ ಏನು?”

ಎಂದವನೇ ಹೊಟ್ಟೆ ಹಿಡಿದುಕೊಂಡು ನಕ್ಕ. ನನ್ನ ಬೆರಳು ಗುಂಡಿಯ ಮೇಲೇ ಇತ್ತು. ಎರಡನೆಯ ಕ್ಲಿಕ್ಕು ಆ ನಗೆಗೆ.

2016ರಲ್ಲಿ ಅಪ್ಪ ತೀರಿಕೊಂಡ. ಗೋಡೆಗೆ ಯಾವ ಫೋಟೋ ಹಾಕುವುದು ಎಂಬ ಮಾತು ಬಂತು. 10 ಮೆಗಾಪಿಕ್ಸೆಲ್ ಚಿತ್ರ 12 ಇಂಚು ಅಗಲ, 9 ಇಂಚು ಎತ್ತರಕ್ಕೆ ಮುಕ್ಕಾಗದೆ ಬರುತ್ತದೆ. ಆ ನಗೆಯನ್ನೇ ಅಷ್ಟು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಟ್ಟು ಹಾಕಿಸಿ ತಂದೆ. ನೆರೆಮನೆಯ ಕಾಕೂ, “ಹೋದವರ ಫೋಟೋದಾಗ ಹಲ್ಲು ಕಾಣಬಾರದವ್ವಾ” ಅಂದಳು. ಕೂತವರೆಲ್ಲ ಹೌದೆಂದು ತಲೆಯಾಡಿಸಿದರು. ಅವ್ವ ಬಹಳ ಹೊತ್ತು ಫೋಟೋ ನೋಡಿದಳು. ಸೆರಗಿನಿಂದ ಗಾಜು ಒರೆಸಿದಳು.

“ನಿಮ್ಮಪ್ಪ ಫೋಟೋದಾಗ ನಕ್ಕಿದ್ದು ಇದೊಂದ ಸಲ. ಇದನ್ನ ಹಾಕೋ.”

ಅಷ್ಟೇ. ಮತ್ತೆ ಯಾರೂ ಮಾತಾಡಲಿಲ್ಲ.

ನೀವೂ ಒಂದು ಕೈ ನೋಡಿ

ಕಾಲ ಬದಲಾಯಿತು ನಿಜ. ಲೆನ್ಸು ಕೂಡಿಸಿಯೇ ಬರುವ ಇಂಥ ಕ್ಯಾಮೆರಾಗಳನ್ನು 2010ರಲ್ಲಿ ಕಂಪನಿಗಳು ಲೋಕಕ್ಕೆಲ್ಲ 10 ಕೋಟಿಗೂ ಹೆಚ್ಚು ಕಳಿಸಿದವು. 2023ರಲ್ಲಿ 20 ಲಕ್ಷವೂ ಇಲ್ಲ! ಮೊಬೈಲು ಎಲ್ಲವನ್ನೂ ನುಂಗಿತು. ಆದರೂ ಈಗೀಗ ಕಾಲೇಜು ಹುಡುಗರು ಅಣ್ಣನದೋ ಮಾವನದೋ ಹಳೆ ಡಬ್ಬಿ ಹುಡುಕಿ ಕೈಗೆತ್ತಿಕೊಳ್ಳುತ್ತಿದ್ದಾರೆ. ಸಂತೋಷ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಸೆಲ್ ಕೂರುವ ಜಾಗದಲ್ಲಿ ಹಸಿರು ಕಿಲುಬು ಇದೆಯೇ, ಲೆನ್ಸು ತಡೆಯಿಲ್ಲದೆ ಹೊರಬಂದು ಒಳಹೋಗುತ್ತದೆಯೇ ನೋಡಿ. 32 ಜಿಬಿಗಿಂತ ದೊಡ್ಡ ಕಾರ್ಡನ್ನು ಹಳೆಯವು ಹಲವು ಓದುವುದಿಲ್ಲ. ಪೆನ್ಸಿಲ್ ಸೆಲ್ಲಿನದಾದರೆ ಚಾರ್ಜ್ ಮಾಡುವ ಸೆಲ್ ಹಾಕಿ. ಅಗ್ಗದ ಸೆಲ್ಲು ಮಧ್ಯಂತರಕ್ಕೇ ಕೈ ಕೊಡುತ್ತದೆ.

ಇನ್ನು ಯಾರ ಚಿತ್ರ ತೆಗೆಯುವುದು? ನಿಮ್ಮ ನೆಚ್ಚಿನ ನಾಯಕನನ್ನು ಹಿಡಿಯಲು ಲೋಕದಲ್ಲಿ ಸಾವಿರ ಕ್ಯಾಮೆರಾ ಇವೆ ಗೆಳೆಯರೇ. ನಿಮ್ಮವ್ವ ರೊಟ್ಟಿ ಬಡಿಯುವುದನ್ನು, ನಿಮ್ಮ ಅಪ್ಪ ಸೈಕಲ್ ಒರೆಸುವುದನ್ನು ಹಿಡಿಯಲು ಇರುವವರು ನೀವೊಬ್ಬರೇ. ತೆಗೆಯಿರಿ. ನಗಿಸಿ ತೆಗೆಯಿರಿ. ತಿಂಗಳಿಗೆ ಎರಡನ್ನಾದರೂ ಕಾಗದದ ಮೇಲೆ ಪ್ರಿಂಟ್ ಹಾಕಿಸಿ ಅವರ ಕೈಗೇ ಕೊಡಿ. ಮೊದಲ ಪ್ರಿಂಟು ನೋಡಿ ಅವರ ಮುಖ ಅರಳುತ್ತದಲ್ಲ... ಅದು ಯಾವ ನೂರು ದಿನದ ಚಿತ್ರಕ್ಕೆ ಕಡಿಮೆ? ಏನಂತೀರಿ?